ಹತ್ತೊಂಬತ್ತರ ಲೆಕ್ಕದಲ್ಲಿ ಜಾಝ್: ಡಾನ್ ಎಲ್ಲಿಸ್ ಬಿಗ್ ಬ್ಯಾಂಡ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: 'ವಿಪ್ಲ್ಯಾಶ್' ಸಿನಿಮಾ ನೋಡಿದ ಮೇಲೆ ಅದೇ ಹೆಸರಿನ ಸಂಗೀತವನ್ನು ಹುಡುಕಿದೆ. ಡಾನ್ ಎಲ್ಲಿಸ್ ಅನ್ನುವವರ ಬ್ಯಾಂಡಿನ ಹಳೇ ರೆಕಾರ್ಡಿಂಗ್ ಸಿಕ್ಕಿತು. ಅಲ್ಲಿಂದ ಒಂದೊಂದೇ ಕೇಳುತ್ತಾ ಹೋದೆ. ಒಂದರಲ್ಲಿ ರಾಕ್, ಇನ್ನೊಂದರಲ್ಲಿ ಸಿತಾರ್, ಮತ್ತೊಂದರಲ್ಲಿ ಪಿಟೀಲುಗಳು. ಇದು ನಿಜಕ್ಕೂ ಜಾಝ್ ಬ್ಯಾಂಡೇನಾ ಸರ್? ಇಷ್ಟೆಲ್ಲ ಎಲ್ಲಿಂದ ಬಂತು? (ಓದುಗರು, ಬೆಂಗಳೂರು)

ಉತ್ತರ: ಜಾಝ್ ಬ್ಯಾಂಡೇ, ಅನುಮಾನ ಬೇಡ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಮೂರು ಸಾಲು. ಅದರ ಜೊತೆಗೆ ಪಿಯಾನೊ, ಬಾಸ್ (ಕೆಳದನಿಯ ತಂತಿವಾದ್ಯ), ಡ್ರಮ್ಸ್. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಕಾಲದ ಬಿಗ್ ಬ್ಯಾಂಡಿನ ಹಂದರವೂ ಇದೇ. ಎಲ್ಲಿಸ್ ಅದನ್ನು ಕೆಡವಲಿಲ್ಲ. ಒಳಗೆ ನಡೆಯುವ ಲೆಕ್ಕವನ್ನು ಬದಲಿಸಿದರು.

ಸಿನಿಮಾದ ವಿಷಯ ಮೊದಲು ಮುಗಿಸೋಣ. 'ವಿಪ್ಲ್ಯಾಶ್' ಬರೆದದ್ದು ಎಲ್ಲಿಸ್ ಅಲ್ಲ, ಹ್ಯಾಂಕ್ ಲೆವಿ. ಲೆವಿ ಬಾಲ್ಟಿಮೋರ್ ಬಳಿಯ ಟೌಸನ್‌ನಲ್ಲಿ ಕಾಲೇಜು ಹುಡುಗರಿಗೆ ಜಾಝ್ ಕಲಿಸುತ್ತಿದ್ದವರು. ಏಳರ ಎಣಿಕೆಯಲ್ಲಿರುವ, ಅಂದರೆ ಸುತ್ತಿಗೆ ಏಳು ಎಣಿಕೆ ಬರುವ, ಆ ರಚನೆಯನ್ನು ಎಲ್ಲಿಸ್ ಬ್ಯಾಂಡ್ 1973ರ 'ಸೋರಿಂಗ್' ಆಲ್ಬಮ್ಮಿನಲ್ಲಿ ನುಡಿಸಿತು. ಸಿನಿಮಾ ಬಂದದ್ದು 2014ರಲ್ಲಿ. ನಲವತ್ತು ವರ್ಷ ಕಾಲೇಜು ಬ್ಯಾಂಡುಗಳ ವಲಯದಲ್ಲೇ ಓಡಾಡುತ್ತಿದ್ದ ಹೆಸರು ದಿಢೀರನೆ ನಮ್ಮ ನಿಮ್ಮ ಫೋನಿಗೂ ಬಂತು.

ಈಗ ಎಲ್ಲಿಸ್, ಟ್ರಂಪೆಟ್ ವಾದಕ, ಬ್ಯಾಂಡಿನ ನಾಯಕ. ಹುಟ್ಟಿದ್ದು 1934ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ತಂದೆ ಮೆಥಡಿಸ್ಟ್ ಚರ್ಚಿನ ಪಾದ್ರಿ. ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆ ಓದಿ 1956ರಲ್ಲಿ ಹೊರಬಂದವರೇ ಗ್ಲೆನ್ ಮಿಲ್ಲರ್ ಆರ್ಕೆಸ್ಟ್ರಾ ಸೇರಿದರು. ಮಿಲ್ಲರ್ ಎರಡನೇ ಮಹಾಯುದ್ಧದಲ್ಲೇ ಕಣ್ಮರೆಯಾಗಿದ್ದರು. ಅವರ ಹೆಸರಿನ ಬ್ಯಾಂಡನ್ನು ಆಗ ರೇ ಮೆಕಿನ್ಲಿ ನಡೆಸುತ್ತಿದ್ದರು. ಆಮೇಲೆ ಸೈನ್ಯದ ಬ್ಯಾಂಡಿನಲ್ಲಿ ಜರ್ಮನಿ. ವಾಪಸ್ ಬಂದು ಟ್ರಂಪೆಟ್ ವಾದಕ ಮೇನಾರ್ಡ್ ಫರ್ಗುಸನ್ ಅವರ ಬಿಗ್ ಬ್ಯಾಂಡ್. ಅಂದರೆ ಸಾಲಿನಲ್ಲಿ ಕೂತು, ಕೊಟ್ಟ ಪಾಲನ್ನು ತಪ್ಪಿಲ್ಲದೆ ನುಡಿಸುವ ಶಿಸ್ತು ಅವರಿಗೆ ಮೊದಲೇ ಕೈಗೂಡಿತ್ತು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಪ್ರಯೋಗ ಮಾಡುವವರಿಗೆ ಹಳೇ ಪಾಠ ಬರುವುದಿಲ್ಲ ಅಂತ ಸುಮ್ನೆ ಅಂದುಕೊಳ್ಳುವವರು ಬಹಳ.

ನ್ಯೂಯಾರ್ಕಿನಲ್ಲಿ ಇನ್ನೊಂದು ಲೋಕ ತೆರೆಯಿತು. ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಜೊತೆ ರೆಕಾರ್ಡಿಂಗ್ ಆಯಿತು. ಜಾರ್ಜ್ ರಸಲ್ ಅವರ ಆರು ಜನರ ತಂಡಕ್ಕೆ ಸೇರಿದರು. 1961ರ 'ಎಝ್-ಥೆಟಿಕ್ಸ್' ಆಲ್ಬಮ್ಮಿನಲ್ಲಿ ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ ಪಕ್ಕದಲ್ಲಿ ಟ್ರಂಪೆಟ್ ಹಿಡಿದವರು ಇವರೇ. ರಸಲ್ ಬರೀ ಬ್ಯಾಂಡ್ ನಾಯಕರಲ್ಲ, ಸ್ವರಶ್ರೇಣಿಗಳ ಬಗ್ಗೆ ಸ್ವಂತ ಸಿದ್ಧಾಂತ ಕಟ್ಟಿದವರು. ಅದೇ ಹೊತ್ತಿಗೆ ಯುರೋಪಿನ ಹೊಸ ಶಾಸ್ತ್ರೀಯ ಸಂಗೀತದ ಗಾಳಿಯೂ ಎಲ್ಲಿಸ್‌ಗೆ ತಾಗಿತ್ತು. ಅವರ ಮೊದಲ ಆಲ್ಬಮ್ 'ಹೌ ಟೈಮ್ ಪಾಸಸ್' ಬಂದದ್ದು 1960ರಲ್ಲಿ. ಅದರ ಹೆಸರಿನ ಹಿಂದೆ ಜರ್ಮನ್ ಸಂಯೋಜಕ ಸ್ಟಾಕ್‌ಹೌಸನ್ ಅವರ ಒಂದು ಪ್ರಬಂಧ ಇದೆ. ಸಂಯೋಜಕ ಜಾನ್ ಕೇಜ್ ತರಹ ಏನು ನುಡಿಸಬೇಕು ಅನ್ನುವುದನ್ನು ಆಕಸ್ಮಿಕಕ್ಕೆ ಬಿಡುವ ಆಟಗಳನ್ನೂ ಅವರು ಆಡಿ ನೋಡಿದರು. ನನ್ನ ಕಿವಿಗೆ ಈ ಕಾಲದ ರೆಕಾರ್ಡುಗಳು ಬುದ್ಧಿವಂತಿಕೆಯವು, ಆದರೆ ಒಣಕಲು. ಕಾಲು ಕುಟ್ಟಬೇಕು ಅನ್ನಿಸುವುದಿಲ್ಲ.

ತಿರುವು ಬಂದದ್ದು 1964ರ ಸುಮಾರಿಗೆ. ಎಲ್ಲಿಸ್ ಲಾಸ್ ಏಂಜಲೀಸ್‌ಗೆ ವಾಪಸ್ ಬಂದು ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜನಾಂಗ ಸಂಗೀತ (ಬೇರೆ ಬೇರೆ ಜನರ ಸಂಗೀತದ ಅಧ್ಯಯನ) ಓದಲು ಸೇರಿದರು. ಅಲ್ಲಿ ಸಿಕ್ಕವರು ಹರಿಹರ ರಾವ್. ಪಂಡಿತ್ ರವಿಶಂಕರ್ ಅವರ ಶಿಷ್ಯರು, ಸಿತಾರ್ ವಾದಕರು, ತಬಲಾ ಕೂಡ ಬಲ್ಲವರು. ಎಲ್ಲಿಸ್ ಅವರ ಬಳಿ ಕೂತು ತಾಳ ಕಲಿತರು. ಇಬ್ಬರೂ ಸೇರಿ ಹಿಂದುಸ್ತಾನಿ ಜಾಝ್ ಸೆಕ್ಸ್‌ಟೆಟ್ ಅಂತ ಒಂದು ಚಿಕ್ಕ ತಂಡ ಕಟ್ಟಿದರು. ಜಾಝ್ ನುಡಿಸುವವರಿಗೆ ಭಾರತೀಯ ಸಂಗೀತ ಪರಿಚಯಿಸುವ ಲೇಖನವನ್ನೂ 1965ರಲ್ಲಿ ಒಟ್ಟಿಗೆ ಬರೆದರು. ಬೀಟಲ್ಸ್ ಹಾಡಿನಲ್ಲಿ ಸಿತಾರ್ ಕೇಳಿ ಅಮೆರಿಕದ ಹುಡುಗರೆಲ್ಲ ಅದರ ಹಿಂದೆ ಬೀಳುವ ಮೊದಲೇ ಇದು ಶುರುವಾಗಿತ್ತು.

ಇನ್ನೊಂದು ಎಳೆ ಟರ್ಕಿಯಿಂದ ಬಂತು. ಟರ್ಕಿ ಮೂಲದ ಆರಿಫ್ ಮಾರ್ದಿನ್ ಎಲ್ಲಿಸ್ ಕೈಗೆ ಒಂಬತ್ತರ ಎಣಿಕೆಯ ಒಂದು ರಚನೆ ಕೊಟ್ಟಿದ್ದರು. ಎರಡು, ಎರಡು, ಎರಡು, ಮೂರು ಅಂತ ಅದರ ಲೆಕ್ಕ. ಮುಂದೆ ದೊಡ್ಡ ನಿರ್ಮಾಪಕರಾಗಿ ಗಾಯಕಿ ಅರೀಥಾ ಫ್ರಾಂಕ್ಲಿನ್ ರೆಕಾರ್ಡುಗಳಲ್ಲಿ ಕೆಲಸ ಮಾಡಿದ ಮಾರ್ದಿನ್ ಅವರೇ ಇವರು. ಒಂದು ಕಡೆ ಟರ್ಕಿಯ ಕುಣಿತದ ಲಯ, ಇನ್ನೊಂದು ಕಡೆ ರಾವ್ ಕಲಿಸಿದ ತಾಳ. ಎರಡೂ ಹೇಳಿದ್ದು ಒಂದೇ ಮಾತು: ಜಾಝ್‌ನ ಮಾಮೂಲಿ ಎಣಿಕೆಯಾದ ನಾಲ್ಕು ಬಿಟ್ಟರೆ ಲೋಕವಿಲ್ಲ ಅನ್ನುವುದು ಸುಳ್ಳು.

ನೀವು ಕೇಳಿದ ಸಿತಾರ್ ಬಗ್ಗೆ ಒಂದು ಮಾತು. 'ಟರ್ಕಿಶ್ ಬಾತ್' ರಚನೆಯಲ್ಲಿ ಅದನ್ನು ನುಡಿಸಿದ್ದು ಬ್ಯಾಂಡಿನ ಬಾಸ್ ವಾದಕ ರೇ ನಿಯಾಪೊಲಿಟನ್. ಚೆನ್ನಾಗಿದೆ, ಆದರೆ ಎಲೆಯ ತುದಿಗೆ ಹಾಕಿದ ಉಪ್ಪಿನಕಾಯಿ ಅಷ್ಟೇ. ಭಾರತದಿಂದ ಎಲ್ಲಿಸ್ ನಿಜಕ್ಕೂ ಪಡೆದದ್ದು ಸಿತಾರ್ ಇಲ್ಲದ ರಚನೆಗಳಲ್ಲೇ ಜಾಸ್ತಿ ಸಿಗುತ್ತದೆ. ಅದೇನು ಅಂತ ಮುಂದಿನ ಪ್ರಶ್ನೆಯಲ್ಲಿ ನೋಡೋಣ.

ಪ್ರಶ್ನೆ: ನಾನು ಮೃದಂಗ ಕಲಿಯುತ್ತಿದ್ದೇನೆ. ಈ ಬ್ಯಾಂಡಿನ ಒಂದು ರಚನೆಗೆ '33 222 1 222' ಅಂತ ಅಂಕಿಗಳದ್ದೇ ಹೆಸರು ಇದೆ. ಅದು 19 ಅಕ್ಷರದ ತಾಳವಾ? ಅವರು ನಮ್ಮ ಹಾಗೆ ತಾಳ ಹಾಕಿ ಎಣಿಸುತ್ತಾರಾ? (ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ನಿಮ್ಮ ಊಹೆ ಸರಿ. ಅಂಕಿಗಳನ್ನು ಕೂಡಿಸಿ, 19 ಬರುತ್ತದೆ. ಬಾಯಲ್ಲಿ ಹೇಳಿ ನೋಡಿ: ತಕಿಟ ತಕಿಟ, ತಕ ತಕ ತಕ, ತ, ತಕ ತಕ ತಕ. ನಡುವೆ ಒಂಟಿಯಾಗಿ ನಿಂತ ಆ 'ತ' ಇದೆಯಲ್ಲ, ಮಜಾ ಇರುವುದೇ ಅಲ್ಲಿ. ಅದನ್ನು ತೆಗೆದರೆ 18 ಆಗಿ ಸಲೀಸಾಗಿ ಉರುಳುತ್ತದೆ. ಅದು ಇರುವುದರಿಂದ ಪ್ರತಿ ಆವರ್ತಕ್ಕೂ ಒಮ್ಮೆ ಕಾಲು ತಡವರಿಸಿ ಮತ್ತೆ ಊರಿಕೊಳ್ಳುತ್ತದೆ.

ಈ ರಚನೆಯನ್ನು 1966ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಜಾಝ್ ಉತ್ಸವದಲ್ಲಿ ನುಡಿಸಿದರು. ವೇದಿಕೆಯ ಮೇಲೆ ಎಲ್ಲಿಸ್ ಅಂಕಿಗಳನ್ನು ಒಂದೊಂದೇ ಓದಿ, ಇದು ಬರೀ ಏರಿಯಾ ಕೋಡ್ (ಫೋನ್ ನಂಬರಿನ ಮುಂದೆ ಬರುವ ಊರಿನ ಅಂಕಿ) ಅಂತ ತಮಾಷೆ ಮಾಡಿದ್ದು ರೆಕಾರ್ಡಿನಲ್ಲೇ ಇದೆ. ಜನ ನಗುತ್ತಾರೆ. ಆಮೇಲೆ ಬ್ಯಾಂಡ್ ಶುರು ಮಾಡುತ್ತದೆ. ಇಪ್ಪತ್ತು ಜನ 19ರ ಲೆಕ್ಕದಲ್ಲಿ ಒಟ್ಟಿಗೆ ಸ್ವಿಂಗ್ ಮಾಡುವುದನ್ನು (ಜಾಝ್‌ನ ತೂಗುವ ಲಯದಲ್ಲಿ ನುಡಿಸುವುದನ್ನು) ಆ ಸಭೆ ಅದಕ್ಕೆ ಮೊದಲು ಕೇಳಿರಲಿಲ್ಲ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲಿಸ್‌ಗೆ ದೊಡ್ಡ ಹೆಸರು ಬಂದದ್ದು ಆ ದಿನದಿಂದಲೇ.

ತಾಳ ಹಾಕುತ್ತಾರಾ ಅಂದಿರಿ. ಇಲ್ಲ. ನಮ್ಮಲ್ಲಿ ಗಾಯಕರ ಕೈ ತಾಳ ತೋರಿಸುತ್ತದೆ. ಅವರಲ್ಲಿ ಆ ಕೆಲಸ ಬಾಸ್‌ನದು. ಬಾಸ್ ಒಂದು ಸಣ್ಣ ಸ್ವರಗುಚ್ಛವನ್ನು ಬಿಡದೆ ನುಡಿಸುತ್ತಾ ಇರುತ್ತದೆ. ಅದು ಒಂದು ಸುತ್ತು ಮುಗಿದರೆ ಒಂದು ಆವರ್ತ. ಉಳಿದವರೆಲ್ಲ ಅದನ್ನೇ ಹಿಡಿದು ನಡೆಯುತ್ತಾರೆ. ಮಾಂಟೆರೇ ವೇದಿಕೆಯಲ್ಲಿ ಒಬ್ಬರಲ್ಲ, ಮೂವರು ಬಾಸ್ ವಾದಕರಿದ್ದರು. ಜೊತೆಗೆ ಒಂದಕ್ಕಿಂತ ಹೆಚ್ಚು ಡ್ರಮ್ ಸೆಟ್, ಕೈಯಲ್ಲಿ ಬಾರಿಸುವ ಕಾಂಗಾ. ಆಡಂಬರಕ್ಕೆ ಅಂತ ಅಂದುಕೊಳ್ಳಬೇಡಿ. ಇಷ್ಟು ಉದ್ದದ ಆವರ್ತ ಗಟ್ಟಿಯಾಗಿ ನಿಲ್ಲಬೇಕಾದರೆ ಕೆಳಗಡೆ ಅಷ್ಟು ಜನ ಬೇಕಿತ್ತು.

ಒಂದು ವ್ಯತ್ಯಾಸ ನಿಮಗೆ ಕೂಡಲೇ ಹೊಳೆಯುತ್ತದೆ. 19 ಅಕ್ಷರ ಕೊಟ್ಟರೆ ತನಿ ಆವರ್ತನದಲ್ಲಿ (ಕಛೇರಿಯಲ್ಲಿ ಲಯವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ) ನೀವು ಅದನ್ನು ಹತ್ತು ತರಹ ಒಡೆಯುತ್ತೀರಿ. ಐದೈದು ಮೂರು ಸಲ ಹಾಕಿ ನಾಲ್ಕು ಸೇರಿಸುತ್ತೀರಿ, ಏಳೇಳು ಹಾಕಿ ಐದು ಉಳಿಸುತ್ತೀರಿ, ನಡೆ ಬದಲಿಸುತ್ತೀರಿ. ಎಲ್ಲಿಸ್ ಬ್ಯಾಂಡಿನಲ್ಲಿ ಒಡೆಯುವ ರೀತಿ ಹೆಚ್ಚುಕಡಿಮೆ ಮೊದಲೇ ನಿಗದಿ. 33 222 1 222 ಅಂದರೆ ಕೊನೇವರೆಗೂ ಅದೇ. ಈ ವಿಷಯದಲ್ಲಿ ಅದು ನಮ್ಮ ಆದಿತಾಳಕ್ಕಿಂತ ಚಾಪು ತಾಳಗಳಿಗೆ ಹತ್ತಿರ. ಮಿಶ್ರ ಚಾಪು ಕೇಳುವಾಗ ಮೂರು ಮತ್ತು ನಾಲ್ಕರ ಕುಂಟು ನಡಿಗೆ ಮೊದಲು ಕಿವಿಗೆ ಬೀಳುತ್ತದೆ, ಏಳು ಅನ್ನುವ ಲೆಕ್ಕ ಆಮೇಲೆ ಬರುತ್ತದೆ ಅಲ್ವಾ? ಹಾಗೆ. ಹಿಂದುಸ್ತಾನಿಯ ರೂಪಕ್ ತಾಲ ಕೂಡ ಮೂರು, ಎರಡು, ಎರಡು ಅಂತಲೇ ಬಾಯಿಗೆ ಬರುತ್ತದೆ. ರಾವ್ ಅವರಿಂದ ಎಲ್ಲಿಸ್ ಕಲಿತದ್ದು ಇದೇ. ದೊಡ್ಡ ಸಂಖ್ಯೆಯನ್ನು ಒಂದರಿಂದ ಕೊನೇವರೆಗೆ ಎಣಿಸಬಾರದು. ಎರಡು ಮೂರುಗಳ ಗೊಂಚಲಾಗಿ ಮೈಯಲ್ಲಿ ಇಟ್ಟುಕೊಳ್ಳಬೇಕು.

ಇವರಿಗಿಂತ ಮೊದಲೂ ಜಾಝ್‌ನಲ್ಲಿ ಐದು, ಒಂಬತ್ತು ಬಂದಿದ್ದವು. ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' 1959ರದ್ದು, ಪಾಲ್ ಡೆಸ್ಮಂಡ್ ಬರೆದದ್ದು. ಆದರೆ ಅದು ನಾಲ್ಕು ಜನರ ತಂಡ. ಎಲ್ಲಿಸ್ ಅದನ್ನು ಇಪ್ಪತ್ತು ಜನರ ಬ್ಯಾಂಡಿಗೆ ತಂದರು, ಅದೂ ಜೋರಾಗಿ, ವೇಗವಾಗಿ. ಹಾಲಿವುಡ್‌ನ ಬೋನ್ಸ್‌ವಿಲ್ ಅನ್ನುವ ಕ್ಲಬ್ಬಿನಲ್ಲಿ ಸೋಮವಾರ ರಾತ್ರಿ ನುಡಿಸಿ ನುಡಿಸಿ ಇದನ್ನು ಪಳಗಿಸಿಕೊಂಡಿದ್ದರು.

ಲೆಕ್ಕ ಇಷ್ಟವಾದರೆ 'ಅಪ್‌ಸ್ಟಾರ್ಟ್' ಕೇಳಿ. ಅದು ಮೂರು ಮತ್ತು ಮೂರನೇ ಎರಡು ಎಣಿಕೆಯ ಆವರ್ತ. ಆಲ್ಬಮ್ಮಿನ ಹೆಸರಿನಲ್ಲೇ ಈ ವಿಚಿತ್ರ ಅಂಕಿ ಇದೆ. ಹೆದರಬೇಡಿ, ತಿಶ್ರ ನಡೆಯಲ್ಲಿ ಯೋಚಿಸಿ: ತಕಿಟ ತಕಿಟ ತಕಿಟ ತಕ. ಒಟ್ಟು 11. ನಾಲ್ಕನೇ ಎಣಿಕೆಯಲ್ಲಿ ಒಂದು ಮಾತ್ರೆ ಕದ್ದರು, ಅಷ್ಟೇ. 'ನ್ಯೂ ಹೊರೈಝನ್ಸ್' 17ರದ್ದು, ಐದು, ಐದು, ಏಳು. 'ಬಲ್ಗೇರಿಯನ್ ಬಲ್ಜ್' ಇನ್ನೂ ಮುಂದೆ ಹೋಗಿ 33 ಮುಟ್ಟುತ್ತದೆ. ಅದರ ಬೇರು ಬಲ್ಗೇರಿಯಾದ ಹಳ್ಳಿ ಕುಣಿತದಲ್ಲಿದೆ. ಅಲ್ಲಿನ ಜನ ಇದಕ್ಕೆ ಕೈ ಕೈ ಹಿಡಿದು ಕುಣಿಯುತ್ತಾರೆ, ಯಾರೂ ಎಣಿಸುವುದಿಲ್ಲ.

ಪ್ರಶ್ನೆ: ಎಲ್ಲಿಸ್ ಟ್ರಂಪೆಟ್ಟಿನಲ್ಲಿ ಕಾಲು ಸ್ವರ ನುಡಿಸುತ್ತಿದ್ದರಂತೆ. ಅದು ನಮ್ಮ ಗಮಕದ ಪ್ರಭಾವವೇ? (ಓದುಗರು, ಮೈಸೂರು)

ಉತ್ತರ: ಹಾಗೆ ಹೇಳುವುದು ಕಷ್ಟ. ಮಾಮೂಲಿ ಟ್ರಂಪೆಟ್ಟಿಗೆ ಮೂರು ವಾಲ್ವ್, ಅಂದರೆ ಸ್ವರ ಬದಲಿಸಲು ಒತ್ತುವ ಗುಂಡಿ. ಎಲ್ಲಿಸ್‌ಗೋಸ್ಕರ ಹೋಲ್ಟನ್ ಕಂಪನಿ 1965ರಲ್ಲಿ ನಾಲ್ಕನೇ ವಾಲ್ವ್ ಇರುವ ಟ್ರಂಪೆಟ್ ಮಾಡಿಕೊಟ್ಟಿತು. ಅದನ್ನು ಒತ್ತಿದರೆ ಸ್ವರ ಕಾಲು ಭಾಗ ಇಳಿಯುತ್ತದೆ. ಹಾಗೆ ಒಂದು ಸ್ಥಾಯಿಯಲ್ಲಿ 12ರ ಬದಲು 24 ಸ್ವರ ಸಿಗುತ್ತವೆ. ಬ್ಯಾಂಡಿನ ಉಳಿದ ಟ್ರಂಪೆಟ್ ವಾದಕರಿಗೂ ಅದನ್ನು ಕೊಡಿಸಿದರು. 1975ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೂ ತಂದರು.

ಗಮಕ ಬೇರೆ. ಅದು ಸ್ವರದಿಂದ ಸ್ವರಕ್ಕೆ ಹೋಗುವ ದಾರಿ. ಎಲ್ಲಿಸ್‌ದು 24 ಸಮ ಮೆಟ್ಟಿಲು. ಅವರ ಸೋಲೋಗಳಲ್ಲಿ ಜಾರು ಇದೆ, ನಿಜ. ಅದು ಜಾಝ್‌ನ ಬೇರಾದ ಬ್ಲೂಸ್ ಸಂಗೀತದಲ್ಲೂ ಮೊದಲಿನಿಂದ ಇದ್ದದ್ದೇ. 'ಟರ್ಕಿಶ್ ಬಾತ್' ಆರಂಭದಲ್ಲಿ ಸ್ಯಾಕ್ಸೊಫೋನ್ ಸಾಲು ಬೇಕೆಂದೇ ಶ್ರುತಿ ತಪ್ಪಿಸಿದಂತೆ ಕೇಳುತ್ತದಲ್ಲ, ಅದು ಈ ಹುಡುಕಾಟದ ತಮಾಷೆಯ ಮುಖ.

ಪ್ರಶ್ನೆ: ಜಾಝ್ ಅಂದರೆ ಕೋಟು ಹಾಕಿದವರು ಮೆಲ್ಲಗೆ ನುಡಿಸುವುದು ಅಂದುಕೊಂಡಿದ್ದೆ. ಇವರ ಸಂಗೀತದಲ್ಲಿ ರಾಕ್ ಸದ್ದು ಬಂದದ್ದು ಹೇಗೆ? (ಓದುಗರು, ಹುಬ್ಬಳ್ಳಿ)

ಉತ್ತರ: 1967ಕ್ಕೆ ಬನ್ನಿ. ಬಿಲ್ಲಿ ಹಾಲಿಡೇ, ಬಾಬ್ ಡಿಲನ್ ಅವರಂಥವರನ್ನು ಗುರುತಿಸಿದ ಜಾನ್ ಹ್ಯಾಮಂಡ್ ಎಲ್ಲಿಸ್ ಬ್ಯಾಂಡನ್ನು ಕೊಲಂಬಿಯಾ ಕಂಪನಿಗೆ ಕರೆತಂದರು. ಅಲ್ಲಿ ಬಂದದ್ದು 'ಎಲೆಕ್ಟ್ರಿಕ್ ಬಾತ್'. ಹೆಸರೇ ಹೇಳುವ ಹಾಗೆ ಕೀಬೋರ್ಡು, ಟ್ರಂಪೆಟ್ಟು ಎಲ್ಲಕ್ಕೂ ವಿದ್ಯುತ್ ತಗುಲಿತು. ಎಲ್ಲಿಸ್ ತಮ್ಮ ಟ್ರಂಪೆಟ್ ಸದ್ದನ್ನು ಎಕೋಪ್ಲೆಕ್ಸ್ ಅನ್ನುವ ಟೇಪ್ ಯಂತ್ರದ ಮೂಲಕ ಕಳಿಸುತ್ತಿದ್ದರು. ನುಡಿಸಿದ್ದು ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬರುತ್ತದೆ. ಅದರ ಮೇಲೆ ಇನ್ನೊಂದು ಸಾಲು ನುಡಿಸಿದರೆ ಒಬ್ಬರೇ ಇಬ್ಬರಾಗುತ್ತಾರೆ. 'ಓಪನ್ ಬ್ಯೂಟಿ'ಯಲ್ಲಿ ಇದನ್ನು ಕೇಳಬಹುದು.

1968ರ 'ಆಟಮ್' ಆಲ್ಬಮ್ಮಿಗೆ ನಿರ್ಮಾಪಕರು ರಾಕ್ ಲೋಕದ ಆಲ್ ಕೂಪರ್. 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್‌ನಲ್ಲಿ ನೇರ ರೆಕಾರ್ಡಿಂಗ್. ಉದ್ದ ಕೂದಲಿನ ರಾಕ್ ಹುಡುಗರ ಜಾಗ ಅದು. ಅಲ್ಲಿ ಬೀಟಲ್ಸ್‌ನ 'ಹೇ ಜೂಡ್' ಎತ್ತಿಕೊಂಡು, ಮೊದಲು ಎಲೆಕ್ಟ್ರಾನಿಕ್ ಯಂತ್ರಗಳಿಂದ ಟ್ರಂಪೆಟ್ಟನ್ನು ಗುರುತೇ ಸಿಗದಷ್ಟು ತಿರುಚುತ್ತಾರೆ. ಕೇಳುವವರಿಗೆ ಇದು ಯಾವ ಹಾಡು ಅಂತ ಗೊತ್ತಾಗುವುದೇ ತಡವಾಗಿ.

ಎಲ್ಲವೂ ಚಿನ್ನ ಅನ್ನಲಾರೆ. ಗಿಮಿಕ್ ಜಾಸ್ತಿ ಅಂತ ಆಗಲೇ ಕೆಲವು ವಿಮರ್ಶಕರು ಗೊಣಗಿದರು. ಕೆಲವು ಕಡೆ ಅದು ನಿಜವೂ ಹೌದು. ಮೂರು ಡ್ರಮ್ ಸೆಟ್ಟುಗಳ ಜಟಾಪಟಿ ವೇದಿಕೆಯ ಮುಂದೆ ನಿಂತವರಿಗೆ ಚೆನ್ನ, ಮನೆಯಲ್ಲಿ ಕೂತು ಕೇಳಿದರೆ ಉದ್ದ ಅನ್ನಿಸುತ್ತದೆ. ಆದರೆ ಹುಡುಗರು ಬಿಗ್ ಬ್ಯಾಂಡ್ ಅಂದರೆ ಅಪ್ಪನ ಕಾಲದ್ದು ಅಂತ ಬಿಟ್ಟುಹೋಗಿದ್ದ ಹೊತ್ತಿನಲ್ಲಿ, ಇಷ್ಟು ದೊಡ್ಡ ಬ್ಯಾಂಡನ್ನು ರಾಕ್ ಸಭೆಗೆ ಒಯ್ದು ಗೆದ್ದು ಬಂದರು.

ಆ ಭರಾಟೆಯ ನಂತರ ಬಂದ 1971ರ 'ಟಿಯರ್ಸ್ ಆಫ್ ಜಾಯ್' ನನಗೆ ಹೆಚ್ಚು ಇಷ್ಟ. ಮೊದಲ ಪ್ರಶ್ನೆ ಕೇಳಿದವರ ಪಿಟೀಲುಗಳು ಬಹುಶಃ ಇಲ್ಲಿಯವೇ. ಬ್ಯಾಂಡಿಗೆ ತಂತಿವಾದ್ಯಗಳ ಒಂದು ಕ್ವಾರ್ಟೆಟ್ (ನಾಲ್ವರ ತಂಡ) ಸೇರಿಸಿದರು. ಹಿತ್ತಾಳೆ ವಾದ್ಯ, ಮರದ ವಾದ್ಯಗಳ ಪುಟ್ಟ ತಂಡಗಳನ್ನೂ ಒಳಗೇ ಬೇರೆ ಬೇರೆಯಾಗಿ ಕಟ್ಟಿದರು. ಬಲ್ಗೇರಿಯಾ ಬಿಟ್ಟು ಬಂದಿದ್ದ ಪಿಯಾನೊ ವಾದಕ ಮಿಲ್ಚೊ ಲೆವಿಯೆವ್ ಆ ಹೊತ್ತಿಗೆ ತಂಡದಲ್ಲಿದ್ದರು. ಅಮೆರಿಕನ್ನರು ಕಷ್ಟಪಟ್ಟು ಕಲಿತ ಲಯಗಳು ಅವರಿಗೆ ಮನೆಮಾತು. ಅವರು ಬಂದ ಮೇಲೆ ಲೆಕ್ಕ ತೋರಿಸುವ ಚಪಲ ಕಮ್ಮಿಯಾಗಿ ಹಾಡು ಮುಂದೆ ಬಂತು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಇಷ್ಟು ದೊಡ್ಡವರಾದರೆ ಹೆಸರೇ ಏಕೆ ಕೇಳಿಲ್ಲ? ಆಮೇಲೆ ಏನಾದರು? (ಓದುಗರು, ಮಂಗಳೂರು)

ಉತ್ತರ: ಬೇಗ ಹೋದರು. 1971ರ 'ದ ಫ್ರೆಂಚ್ ಕನೆಕ್ಷನ್' ಸಿನಿಮಾಕ್ಕೆ ಸಂಗೀತ ಕೊಟ್ಟದ್ದು ಇವರೇ. ಅದರ ಮುಖ್ಯ ಸಂಗೀತದ ವಾದ್ಯ ಸಂಯೋಜನೆಗೆ ಗ್ರ್ಯಾಮಿ ಕೂಡ ಬಂತು. 1972ರಲ್ಲಿ ಹೊಸ ಲಯಗಳನ್ನು ಕಲಿಸುವ ಪುಸ್ತಕ ಪ್ರಕಟವಾಯಿತು. 1975ರಲ್ಲಿ ಹೃದಯ ಕೈಕೊಟ್ಟಿತು. ಚೇತರಿಸಿಕೊಂಡು ಮತ್ತೆ ಬ್ಯಾಂಡ್ ಕಟ್ಟಿ 1977ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ನುಡಿಸಿದರು. ಮರುವರ್ಷ ವೈದ್ಯರು ಟ್ರಂಪೆಟ್ ಊದುವುದು ಬೇಡ ಅಂದರು. 1978ರ ಡಿಸೆಂಬರ್ 17ರಂದು ತೀರಿಕೊಂಡರು. ವಯಸ್ಸು 44.

ಇಂಥ ಬ್ಯಾಂಡು ನಾಯಕ ಹೋದ ಮೇಲೆ ಉಳಿಯುವುದು ಕಷ್ಟ. ಬರೆದುಕೊಟ್ಟ ಹಾಳೆ ಇದ್ದರೂ 19ರ ಎಣಿಕೆ ಮೈಗೆ ಹತ್ತಲು ತಿಂಗಳುಗಟ್ಟಲೆ ಒಟ್ಟಿಗೆ ಕೂರಬೇಕು. ಅಷ್ಟು ಜನರಿಗೆ ಸಂಬಳ ಕೊಟ್ಟು ಕೂರಿಸುವವರು ಯಾರು? ಆದರೆ ತಂಡದಿಂದ ಹೊರಹೋದವರು ಈ ವಿದ್ಯೆಯನ್ನು ಬೇರೆ ಕಡೆ ಒಯ್ದರು. ಡ್ರಮ್ ವಾದಕ ರಾಲ್ಫ್ ಹಂಫ್ರಿ ರಾಕ್ ಸಂಗೀತಗಾರ ಫ್ರಾಂಕ್ ಝಾಪಾ ಅವರ ತಂಡ ಸೇರಿದರು. ಮಾಂಟೆರೇಯಲ್ಲಿ ಸ್ಯಾಕ್ಸೊಫೋನ್ ಸಾಲಿನಲ್ಲಿದ್ದ ಹುಡುಗ ಟಾಮ್ ಸ್ಕಾಟ್ ಮುಂದೆ ಎಲ್.ಎ. ಎಕ್ಸ್‌ಪ್ರೆಸ್ ಅನ್ನುವ ತಂಡ ಕಟ್ಟಿದರು. ಹ್ಯಾಂಕ್ ಲೆವಿ ಬರೆದದ್ದನ್ನು ಇನ್ನೊಬ್ಬ ಬಿಗ್ ಬ್ಯಾಂಡ್ ನಾಯಕ ಸ್ಟ್ಯಾನ್ ಕೆಂಟನ್ ಅವರ ಬ್ಯಾಂಡ್ ಕೂಡ ನುಡಿಸಿತು. ಎಲ್ಲಿಸ್ ಅವರ ಹಾಳೆಗಳು, ಟೇಪುಗಳು ಅವರು ತಾಳ ಕಲಿತ ಅದೇ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಹರಿಹರ ರಾವ್ ಬಗ್ಗೆಯೂ ಒಂದು ಸಾಲು ಬರೆಯಲೇಬೇಕು, ಜಾಝ್ ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಬರೀ ಅಡಿಟಿಪ್ಪಣಿಯ ಜಾಗ. ಅವರು ಲಾಸ್ ಏಂಜಲೀಸ್ ಪಕ್ಕದ ಪಾಸಡೀನಾದಲ್ಲಿ ನೆಲೆಸಿದರು. 1973ರಲ್ಲಿ ರವಿಶಂಕರ್ ಜೊತೆ ಸೇರಿ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಹುಟ್ಟುಹಾಕಿ, ಭಾರತದ ಕಲಾವಿದರ ಕಛೇರಿಗಳನ್ನು ಅಲ್ಲಿನವರಿಗೆ ಕೇಳಿಸುತ್ತಾ ಬಂದರು.

ಪ್ರಶ್ನೆ: ನಮ್ಮ ಕರ್ನಾಟಕದವರು ಯಾರಾದರೂ ಹೀಗೆ ಜಾಝ್‌ನವರ ಜೊತೆ ನುಡಿಸಿದ್ದಾರಾ? (ಓದುಗರು, ತುಮಕೂರು)

ಉತ್ತರ: ಎಲ್ಲಿಸ್ ಜೊತೆ ಅಲ್ಲ. ಆದರೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಹೆಸರು ಕೇಳಿರಬಹುದು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಕಟ್ಟಿದ್ದು. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ, ಕೊನ್ನಕ್ಕೋಲಿನಲ್ಲೂ (ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಪಳಗಿದವರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಇವರು 1983ರಲ್ಲಿ 'ಜ್ಯೋತಿ' ಆಲ್ಬಮ್ ಮಾಡಿದರು, ಜರ್ಮನಿಯ ಇಸಿಎಂ ಕಂಪನಿಗೆ. ಮಾರಿಯಾನೊ ಹಿಂದೆ ಸ್ಟ್ಯಾನ್ ಕೆಂಟನ್ ಬಿಗ್ ಬ್ಯಾಂಡಿನಲ್ಲಿದ್ದವರು, ನಾಗಸ್ವರವನ್ನೂ ಕಲಿತಿದ್ದರು. ಎಲ್ಲಿಸ್ ತಾಳವನ್ನು ತಮ್ಮ ಬ್ಯಾಂಡಿಗೆ ಒಯ್ದರು. ಮಾರಿಯಾನೊ ತಾವೇ ಇವರ ಕಡೆ ಬಂದು ಕೂತರು. ಎರಡನೆಯದರಲ್ಲಿ ಗದ್ದಲ ಕಮ್ಮಿ, ಮಾತುಕತೆ ಜಾಸ್ತಿ.

ಪ್ರಶ್ನೆ: ಎಲ್ಲಿಂದ ಕೇಳಲು ಶುರು ಮಾಡಲಿ? (ಹಲವರು)

ಉತ್ತರ: 'ಎಲೆಕ್ಟ್ರಿಕ್ ಬಾತ್'ನ ಮೊದಲ ರಚನೆ 'ಇಂಡಿಯನ್ ಲೇಡಿ'ಯಿಂದ. ಹೆಸರು ನೋಡಿ ರಾಗ ಹುಡುಕಬೇಡಿ, ಅದು ಐದರ ಎಣಿಕೆಯಲ್ಲಿ ಕುಣಿಯುವ ಬ್ಲೂಸ್. ಖಂಡ ಚಾಪು ಗೊತ್ತಿದ್ದವರು ಮೊದಲ ನಿಮಿಷದಲ್ಲೇ ತೊಡೆ ತಟ್ಟುತ್ತೀರಿ. ಆಮೇಲೆ ಮಾಂಟೆರೇ ರೆಕಾರ್ಡಿನ ಹತ್ತೊಂಬತ್ತು. ಮೂರನೆಯದಾಗಿ 'ಟಿಯರ್ಸ್ ಆಫ್ ಜಾಯ್'ನ 'ಸ್ಟ್ರಾಬೆರಿ ಸೂಪ್'. ಇದನ್ನು ಅರ್ಧಕ್ಕೆ ನಿಲ್ಲಿಸಬೇಡಿ, ತಂತಿವಾದ್ಯಗಳು ಹಿತ್ತಾಳೆಯ ನಡುವೆ ಜಾಗ ಮಾಡಿಕೊಳ್ಳುವುದನ್ನು ಪೂರ್ತಿ ಕೇಳಬೇಕು. ಫಿಲ್ಮೋರ್ ರೆಕಾರ್ಡನ್ನು ಕೊನೆಗೆ ಇಟ್ಟುಕೊಳ್ಳಿ. ಹೆಡ್‌ಫೋನ್ ಹಾಕಿದ್ದರೆ 'ಹೇ ಜೂಡ್'ಗೆ ಮೊದಲು ವಾಲ್ಯೂಮ್ ಸ್ವಲ್ಪ ಇಳಿಸಿ.